ಪುಟ್ಟಿಗೊಂದು ಬೀದಿ

ಒಂದು ಬೀದಿಯ ಯೋಗ್ಯತೆ ತಿಳಿಯಲು ನನಗೆ ಹತ್ತು ನಿಮಿಷ ಸಾಕು. ಇದು ಜಂಭದ ಮಾತಲ್ಲ. ಜಂಭ ಅಂದುಕೊಂಡರೂ ನನಗೇನೂ ಬೇಜಾರಿಲ್ಲ. ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದಿದವಳು ನಾನು. ಮೀಟರ್ ಪೆಟ್ಟಿಗೆ ಎಲ್ಲಿದೆ, ಹೇಗಿದೆ ಅನ್ನುವುದರಿಂದಲೇ ಆ ಮನೆಯವರ ಸ್ವಭಾವ ಹೇಳಬಲ್ಲೆ. ಪೆಟ್ಟಿಗೆಯ ಮುಂದೆ ಮುರಿದ ಕುರ್ಚಿ, ಹಳೇ ಪೇಪರು ಒಟ್ಟಿದವರು ಬಾಯಲ್ಲಿ ಮಾತ್ರ ಬನ್ನಿ ಬನ್ನಿ ಅನ್ನುತ್ತಾರೆ. ಗಾಜು ಒರೆಸಿಟ್ಟವರು ಕುಡಿಯಲು ನೀರು ಕೇಳಿದರೆ ಲೋಟವನ್ನೂ ತೊಳೆದು ಕೊಡುತ್ತಾರೆ. ಗೇಟಿನ ಚಿಲಕ ತುಕ್ಕು ಹಿಡಿದಿದ್ದರೆ ಅದನ್ನು ಹಾಕುವವರಿಲ್ಲ, ಅಂದರೆ ನಾಯಿ ಇಲ್ಲ. ಚಿಲಕ ಫಳಫಳ ಹೊಳೆಯುತ್ತಿದ್ದರೆ ಇದೆ, ಕಾಲಿಗೆ ಬುದ್ಧಿ ಹೇಳಲು ಸಿದ್ಧರಾಗಿರಬೇಕು.

ಹಾಗಾಗಿ, ಆರು ವಾರದ ಮಟ್ಟಿಗೆ ಪರ ಊರಲ್ಲಿ ಒಂದು ಕೋಣೆ ಹುಡುಕಬೇಕು ಅಂದಾಗ ಆ ಕೆಲಸ ನನ್ನದೇ ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಕೋಣೆ ಬೇಕಾಗಿದ್ದದ್ದು ನನ್ನ ತಂಗಿಗೆ. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತೇವೆ. ನಲವತ್ತಾರು ವರ್ಷದ ಪುಟ್ಟಿ. ಇಪ್ಪತ್ತು ವರ್ಷ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು. ಮೂರು ವರ್ಷದ ಹಿಂದೆ ಅವಳ ಕಣ್ಣಿನ ಒಳಪೊರೆಗೆ ಏನೋ ಬಂತು. ಮೊದಲು ಕರಿಹಲಗೆಯ ಅಂಚು ಹೋಯಿತು, ಆಮೇಲೆ ಮಕ್ಕಳ ಮುಖ ಹೋಯಿತು, ಈಗ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಅಂದಿನಿಂದ ಅವಳು ನನ್ನ ಮನೆಯಲ್ಲೇ ಇದ್ದಳು. ನನ್ನ ಯಜಮಾನರು ತೀರಿಕೊಂಡು ಎಂಟು ವರ್ಷ. ನನಗೂ ಜೊತೆ ಆಯಿತು. ಬೆಳಗ್ಗೆ ಅವಳ ಕೈಗೆ ಲೋಟ ಕೊಡುವುದರಿಂದ ಹಿಡಿದು ರಾತ್ರಿ ಹೊದಿಕೆ ಎಳೆಯುವವರೆಗೆ ಎಲ್ಲ ನಾನೇ. ನಾನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ, ಅದನ್ನು ಯಾರು ಬೇಕಾದರೂ ಹೇಳುತ್ತಾರೆ.

ಆದರೆ ಪುಟ್ಟಿಗೆ ತನ್ನ ಶಾಲೆ, ಅದರ ಹಿಂದಿನ ತನ್ನ ಮನೆ ಬೇಕಾಗಿತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯ ಹೆಂಗಸು, ಆದರೆ ಮುಖ ನೋಡಿ ಮಾತಾಡುವವರಲ್ಲ. "ಮಗ್ಗಿ ಹೇಳಿಸೋಕೆ ಕಣ್ಣು ಬೇಡ. ನಿಮ್ಮ ಕೆಲಸ ನಿಮಗೇ ಇದೆ. ಆದರೆ ಶಾಲೆಗೆ ಒಬ್ಬರೇ ಬರಬೇಕು, ಒಬ್ಬರೇ ಹೋಗಬೇಕು. ಅಕ್ಕ ಕೈಹಿಡ್ಕೊಂಡು ಬಂದು ಬಿಟ್ಟು ಹೋಗೋದಾದ್ರೆ ಮಕ್ಕಳು ನಿಮ್ಮ ಮಾತು ಕೇಳಲ್ಲ," ಅಂದರು. ಶಾಲೆ ತೆರೆಯಲು ಎರಡು ತಿಂಗಳಿತ್ತು.

ಒಬ್ಬರೇ ನಡೆಯುವುದನ್ನು ಕಲಿಸುವ ತರಬೇತಿ ಕೇಂದ್ರ ಆ ಪರ ಊರಲ್ಲಿತ್ತು. ಆರು ವಾರದ ಪಾಠ. ಅಲ್ಲಿಯ ಪದ್ಧತಿ ಏನೆಂದರೆ, ಉಳಿಯಲು ಅವರು ಜಾಗ ಕೊಡುವುದಿಲ್ಲ. ಸುತ್ತಲಿನ ಯಾವುದಾದರೂ ಬಡಾವಣೆಯಲ್ಲಿ ಕೋಣೆ ಹಿಡಿದು, ದಿನಾ ಅಲ್ಲಿಂದ ನಡೆದೇ ಬರಬೇಕು. ಬಂದು ಹೋಗುವ ದಾರಿಯೇ ಮೊದಲ ಪಾಠ. ಎರಡನೇ ವಾರದ ಕೊನೆಗೆ ಒಂಟಿ ನಡಿಗೆಯ ಪರೀಕ್ಷೆ. ಹತ್ತು ಗಂಟೆಗೆ ಕೋಣೆಯಿಂದ ಹೊರಟು ಹನ್ನೊಂದರ ಒಳಗೆ ಕೇಂದ್ರದ ಗೇಟು ಮುಟ್ಟಬೇಕು. ಮುಟ್ಟದಿದ್ದವರನ್ನು ಮುಂದಿನ ತಂಡಕ್ಕೆ ಹಾಕುತ್ತಾರೆ. ಮುಂದಿನ ತಂಡ ಅಂದರೆ ಆರು ತಿಂಗಳು. ಅಷ್ಟರಲ್ಲಿ ಪುಟ್ಟಿಯ ತರಗತಿ ಬೇರೆಯವರ ಪಾಲಾಗಿರುತ್ತಿತ್ತು.

ಊರು ತಲುಪಿದ ದಿನ ಅವಳನ್ನು ನಿಲ್ದಾಣದ ಪಕ್ಕದ ವಸತಿಗೃಹದಲ್ಲಿ ಕೂರಿಸಿ ನಾನು ಚಪ್ಪಲಿ ಮೆಟ್ಟಿದೆ.

"ನಾನೂ ಬರ್ತೀನಿ ಅಕ್ಕ," ಅಂದಳು.

"ನೀನು ಬಂದು ಏನ್ ನೋಡ್ತೀಯ?" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ದಿಂಬು ಸರಿಮಾಡಿಕೊಂಡು ಮಲಗಿದಳು. ಬೇಜಾರಾಗಿದೆ ಅಂತ ಗೊತ್ತಿತ್ತು, ಆದರೆ ಬಿಸಿಲು ಏರುವ ಮೊದಲು ಮೂರು ಜಾಗ ನೋಡಿ ಮುಗಿಸಬೇಕಿತ್ತು.

ಮೊದಲನೆಯದು ದೊಡ್ಡ ರಸ್ತೆಯ ಪಕ್ಕ. ಕೋಣೆ ಅಚ್ಚುಕಟ್ಟು, ಆದರೆ ಬಾಗಿಲು ತೆಗೆದರೆ ಕಾಲು ನೇರ ಲಾರಿಯ ಚಕ್ರದ ಕೆಳಗೆ. ನಮಸ್ಕಾರ ಹೇಳಿ ಬಂದೆ.

ಎರಡನೆಯದನ್ನು ಬೀದಿ ಅನ್ನುವುದಕ್ಕಿಂತ ಗಲಾಟೆ ಅನ್ನಬೇಕು. ಒಂದು ತಗಡಿನ ಕಾರ್ಖಾನೆ, ಅದರಲ್ಲಿ ಒಬ್ಬ ಬಕೆಟು, ಡಬ್ಬ, ಹೊಗೆ ಕೊಳವೆಗಳನ್ನು ಬಡಿಯುತ್ತಾ ಕೂತಿದ್ದ. ಅದರಾಚೆ ಹಿಟ್ಟಿನ ಗಿರಣಿ, ಎದುರಿಗೆ ಇಸ್ತ್ರಿ ಅಂಗಡಿ, ಮೂಲೆಯಲ್ಲಿ ಬೇಕರಿ. ಕಾಲುದಾರಿಯ ಕಲ್ಲುಗಳು ಅರ್ಧ ಎದ್ದಿದ್ದವು, ಉಳಿದರ್ಧದ ಮೇಲೆ ಸ್ಕೂಟರುಗಳು ನಿಂತಿದ್ದವು. ಮೀಟರ್ ಪೆಟ್ಟಿಗೆಗಳೋ, ದೇವರಿಗೇ ಪ್ರೀತಿ. ಒಂದರ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ ಖಾಲಿ ಇದೆ ಎಂದು ಅಂಗಡಿಯ ಅಜ್ಜಿ ಕೂಗಿ ಹೇಳಿದರು. ಕೂಗದೆ ಹೇಳಿದ್ದರೆ ನನಗೆ ಕೇಳಿಸುತ್ತಲೇ ಇರಲಿಲ್ಲ. ಹತ್ತು ನಿಮಿಷವೂ ಬೇಕಾಗಲಿಲ್ಲ, ಎರಡು ನಿಮಿಷಕ್ಕೆ ಮೂಗು ಮುರಿದು ಹೊರಟೆ.

ಮೂರನೆಯದು ಕಂಡಾಗ ನನ್ನ ಕಾಲು ತಾನಾಗಿ ನಿಂತಿತು. ಬೀದಿಯೆಂದರೆ ಹೀಗಿರಬೇಕು. ನೆಲ ಸಮತಟ್ಟು, ಎರಡೂ ಕಡೆ ಒಂದೇ ಎತ್ತರದ ಕಾಂಪೌಂಡು, ಒಂದೇ ಮಾದರಿಯ ಗೇಟು, ಒಂದೇ ಬಗೆಯ ಫಲಕದ ಮೇಲೆ ಸಾಲಾಗಿ ಮನೆ ನಂಬರು. ಮೂವತ್ತೊಂದು ವರ್ಷದಲ್ಲಿ ನಂಬರು ಇಷ್ಟು ಕ್ರಮವಾಗಿರುವ ಬೀದಿ ನಾನು ಕಂಡಿರಲಿಲ್ಲ. ಚಿಲಕಗಳೆಲ್ಲ ತುಕ್ಕು ಹಿಡಿದಿದ್ದವು. ಮರದ ನೆರಳು. ಒಂದು ಹಾರ್ನ್ ಇಲ್ಲ, ಒಂದು ಕೂಗು ಇಲ್ಲ. ಹದಿನೇಳನೇ ನಂಬರಿನ ಮನೆಯೊಡತಿ ಮೆತ್ತಗೆ ಮಾತಾಡುವ ಹೆಂಗಸು, ಮೀಟರಿನ ಗಾಜು ಕನ್ನಡಿಯಂತಿತ್ತು. ಅಲ್ಲೇ ನಿಂತು ಒಪ್ಪಿಕೊಂಡೆ. ಸಾಯಂಕಾಲ ಪುಟ್ಟಿಯನ್ನು ಕರೆತಂದು, "ನೋಡು, ಸೂಜಿ ಬಿದ್ರೂ ಕೇಳುತ್ತೆ," ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವಳು ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತಳು. "ಹೌದು ಅಕ್ಕ. ಏನೂ ಕೇಳಿಸ್ತಿಲ್ಲ," ಅಂದಳು. ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಪಾಠ ಶುರುವಾಯಿತು. ಕಲಿಸುವವರನ್ನು ಅಲ್ಲಿ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ಯಾವಾಗಲೂ ಏನಾದರೊಂದು ತಮಾಷೆ ಮಾಡುತ್ತಿದ್ದರು, ಆದರೆ ಪಾಠದಲ್ಲಿ ರವಷ್ಟೂ ಸಡಿಲವಿಲ್ಲ. ಪುಟ್ಟಿಯ ಕೈಗೆ ಬಿಳಿ ಕೋಲು ಬಂತು. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಇಟ್ಟಾಗ ಬಲಕ್ಕೆ. ಅಂಗಳದಲ್ಲಿ ಅವಳು ಎರಡೇ ದಿನಕ್ಕೆ ಕಲಿತಳು. ಮೇಷ್ಟ್ರು ಜೊತೆಗೆ ನಡೆದು ಬೀದಿಯ ದಾರಿಯನ್ನೂ ತೋರಿಸಿಕೊಟ್ಟರು. ಕೇಂದ್ರದ ಕಡೆಯಿಂದ ಬಂದರೆ ಎಡಗಡೆಯ ಮೂರನೇ ತಿರುವು, ಅಲ್ಲಿಂದ ಐದನೇ ಗೇಟು.

ನಾಲ್ಕನೆಯ ದಿನ ಅವಳು ಮೊದಲ ಬಾರಿಗೆ ಒಬ್ಬಳೇ ವಾಪಸು ಹೊರಟಳು. ನಾನು ಕೋಣೆಯಲ್ಲಿ ಕಾದೆ. ಅರ್ಧ ಗಂಟೆಯ ದಾರಿ. ಒಂದೂವರೆ ಗಂಟೆಯಾದರೂ ಸುಳಿವಿಲ್ಲ. ನಾಲ್ಕು ಸಲ ಗೇಟಿನವರೆಗೆ ಹೋಗಿ ಬಂದೆ. ಕೊನೆಗೆ ಪರಿಚಯವಿಲ್ಲದ ಗಂಡಸರೊಬ್ಬರು ಅವಳ ಮುಂಗೈ ಹಿಡಿದು ಕರೆದುಕೊಂಡು ಬಂದರು. ಪಕ್ಕದ ಬೀದಿಯವರಂತೆ. ಪುಟ್ಟಿ ಒಂದು ತಿರುವು ಮುಂದೆ ಹೋಗಿ, ಅಲ್ಲಿಯ ಐದನೇ ಗೇಟು ತೆಗೆದು, ಅವರ ಜಗಲಿಯ ಕುರ್ಚಿಯಲ್ಲಿ ಕೂತು, "ಅಕ್ಕ, ನೀರು ಕೊಡೇ," ಎಂದು ಕೂಗಿದಳಂತೆ. ನೀರು ತಂದುಕೊಟ್ಟವರು ಇವರು.

ನನಗೆ ನಗು ತಡೆಯಲಾಗಲಿಲ್ಲ. ಪುಟ್ಟಿ ನಗಲಿಲ್ಲ. ಕೋಲನ್ನು ಮಡಚಿ ಮಂಚದ ಕೆಳಗೆ ತಳ್ಳಿದಳು.

"ನಾಳೆ ಸರಿಹೋಗುತ್ತೆ ಬಿಡು," ಅಂದೆ.

ಮರುದಿನವೂ ಅದೇ ಕಥೆ. ಈ ಸಲ ಯಾವುದೋ ಖಾಲಿ ನಿವೇಶನದ ಒಳಗೆ. ಆರನೆಯ ದಿನ ಹಾಲು ತರಲು ಹೋದ ಮನೆಯೊಡತಿಯೇ ಅವಳನ್ನು ಹಿಡಿದುಕೊಂಡು ಬಂದರು. ಆ ದಿನ ಪುಟ್ಟಿ ಕೋಣೆಗೆ ಬಂದವಳೇ ಗೋಡೆಗೆ ಒರಗಿ ನಿಂತು, "ಕೈಹಿಡ್ಕೊಂಡು ಕರ್ಕೊಂಡು ಬರ್ತಾರೆ ಅಕ್ಕ. ನರ್ಸರಿ ಮಗೂನ ತಂದು ಬಿಟ್ಟ ಹಾಗೆ. ನನ್ ಕೈಲಿ ಆಗಲ್ಲ. ಊರಿಗೆ ಹೋಗೋಣ," ಅಂದಳು.

ಇಲ್ಲಿ ಒಂದು ನಿಜ ಹೇಳಿಬಿಡಬೇಕು. ಆ ಮಾತು ಕೇಳಿದ ಕ್ಷಣ ನನಗೆ ದುಃಖವಾಯಿತು, ಜೊತೆಗೇ ಒಂಥರಾ ಸಮಾಧಾನವೂ ಆಯಿತು. ಊರಿಗೆ ಹೋಗೋಣ ಅಂದರೆ ನನ್ನ ಮನೆಗೆ. ಮತ್ತೆ ಬೆಳಗ್ಗೆ ನಾನು ಲೋಟ ಕೊಡುವುದು, ಅವಳು ಇಸಿದುಕೊಳ್ಳುವುದು. ಆ ಸಮಾಧಾನ ನನ್ನೊಳಗೆ ಇದೆ ಎಂದು ತಿಳಿದು ನನಗೇ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಎದ್ದು ಮೇಷ್ಟ್ರ ಹತ್ತಿರ ಹೋದೆ, ಜಗಳಕ್ಕೆ ಸಿದ್ಧಳಾಗಿಯೇ.

"ನಿಮ್ಮ ಪಾಠದಲ್ಲಿ ಏನೋ ಕೊರತೆ ಇದೆ ಮೇಷ್ಟ್ರೇ. ನನ್ನ ತಂಗಿ ದಡ್ಡಿ ಅಲ್ಲ."

"ದಡ್ಡಿ ಅಲ್ವೇ ಅಲ್ಲ. ಈ ತಂಡದಲ್ಲಿ ಅವರ ಕೋಲೇ ಚೆನ್ನಾಗಿ ಆಡೋದು," ಅಂದರು. "ಆ ಬೀದಿ ಆರಿಸಿದ್ದು ಯಾರು?"

"ನಾನೇ," ಅಂದೆ, ತಲೆ ಎತ್ತಿ.

"ನಿಮ್ಮ ತಂಗಿ ಜೊತೆಗಿದ್ರಾ?"

"ಅವಳು ಬಂದು..." ಎಂದು ಅರ್ಧಕ್ಕೆ ನಿಲ್ಲಿಸಿದೆ.

"ಸಾಮಾನ್ಯ ಎಲ್ಲರ ಮನೆಯವರೂ ಶಾಂತವಾದ ಬೀದಿನೇ ಹಿಡೀತಾರೆ. ಆದರೆ ನಿಮ್ಮಷ್ಟು ಶಾಂತವಾದ್ದನ್ನ ಇದುವರೆಗೆ ಯಾರೂ ಹುಡುಕಿರಲಿಲ್ಲ, ಭಲೇ ಇದೀರಿ," ಅಂದರು ಮೇಷ್ಟ್ರು. ನಗುತ್ತಲೇ ಅಂದರೂ ಪೆಟ್ಟು ಸರಿಯಾಗಿ ಬಿತ್ತು. "ಅಮ್ಮ, ಆ ನಂಬರು ಫಲಕ ಯಾರಿಗೆ? ನಿಮಗೆ. ಒಂದೇ ಥರದ ಗೇಟು ಯಾರಿಗೆ ಚೆಂದ? ನಿಮಗೆ. ಅವರಿಗೆ ಮೂರನೇ ತಿರುವಿಗೂ ನಾಲ್ಕನೇ ತಿರುವಿಗೂ ವ್ಯತ್ಯಾಸ ಏನಿದೆ ಅಲ್ಲಿ? ಹೆಜ್ಜೆ ಎಣಿಸ್ತಾ ಬರ್ತಾರೆ, ನಡುವೆ ಒಂದು ಕೆಮ್ಮು ಬಂದ್ರೆ ಲೆಕ್ಕ ತಪ್ತು. ತಪ್ಪಿದ್ರೆ ಕೇಳೋಣ ಅಂದ್ರೆ ಬೀದೀಲಿ ಒಂದು ನರಪಿಳ್ಳೆ ಇಲ್ಲ."

ಬೀದಿಯ ವಿಷಯದಲ್ಲಿ ಇನ್ನೊಬ್ಬರಿಂದ ಬುದ್ಧಿ ಹೇಳಿಸಿಕೊಂಡದ್ದು ಬದುಕಿನಲ್ಲಿ ಅದೇ ಮೊದಲು. ನಾನು ನೋಡಿದ್ದೆಲ್ಲ ಮೀಟರ್ ಓದುವವಳಿಗೆ ಯಾವುದು ಅನುಕೂಲ ಅನ್ನುವುದನ್ನೇ. ಪುಟ್ಟಿಗೆ ಯಾವುದು ಅನುಕೂಲ ಎಂದು ಒಂದು ಮಾತು ಅವಳನ್ನು ಕೇಳಿರಲಿಲ್ಲ.

ಕೋಣೆಗೆ ಹೋಗಿ ನೇರವಾಗಿ ಹೇಳಿದೆ. "ತಪ್ಪು ನಂದು ಕಣೆ. ಬೀದಿ ಬದಲಾಯಿಸೋಣ. ಈ ಸಲ ನೀನೇ ಆರಿಸು."

ಪುಟ್ಟಿ ಎದ್ದು ಕೂತಳು. ನಾನು ತಪ್ಪು ಒಪ್ಪಿಕೊಳ್ಳುವುದು ಅವಳಿಗೂ ಹೊಸದು. "ನೀನು ಬೇಡ ಅಂದ ಜಾಗ ಯಾವ್ದು?"

"ಎರಡಿದೆ."

"ಯಾವ್ದಕ್ಕೆ ಜಾಸ್ತಿ ಬೈದೆ?"

"ತಗಡು ಬಡಿಯೋ ಬೀದಿಗೆ."

"ಹಾಗಾದ್ರೆ ಮೊದಲು ಅಲ್ಲಿಗೇ ಹೋಗೋಣ ನಡಿ," ಅಂದಳು.

ಆ ಬೀದಿಯ ತುದಿಯಲ್ಲಿ ನಿಂತು ನನ್ನ ಭುಜದಿಂದ ಕೈ ತೆಗೆದಳು. "ಒಂದು ಐದು ನಿಮಿಷ ಮಾತಾಡ್ಬೇಡ. ಆಗುತ್ತಾ?" ಅಂದಳು. ಕಷ್ಟವಾದರೂ ಸುಮ್ಮನಿದ್ದೆ. ಅವಳು ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ಆಮೇಲೆ ತಾನಾಗಿ ಹೇಳತೊಡಗಿದಳು. "ಎಡಗಡೆ ತಗಡು. ಅದು ದಾಟಿದ ಮೇಲೆ ಗಿರಣಿ, ಅದರ ಬೆಲ್ಟು ಪಟಪಟ ಅಂತಿದೆ, ಸ್ವಲ್ಪ ಸಡಿಲ ಆಗಿರ್ಬೇಕು. ಬಲಗಡೆ ಯಾರೋ ಬಟ್ಟೆ ಮೇಲೆ ನೀರು ಚಿಮುಕಿಸ್ತಿದಾರೆ. ಇಲ್ಲಿ ಗಾಳಿ ಗೋಡೆಗೆ ತಡೀತಿಲ್ಲ, ಅಂದ್ರೆ ಪಕ್ಕಕ್ಕೆ ಒಂದು ಸಂದಿ ಇದೆ. ಇದೆಯಾ?"

ಇತ್ತು. ಮೊದಲ ದಿನ ಬಂದಾಗ ನಾನು ಆ ಸಂದಿಯನ್ನು ನೋಡಿರಲೇ ಇಲ್ಲ.

"ರೊಟ್ಟಿ ಬೇಯೋ ವಾಸನೆ ಮುಂದಿದೆ. ಅಲ್ಲಿ ತಿರುಗಬೇಕಾ?"

"ಹೌದು, ಅಲ್ಲೇ ಬಲಕ್ಕೆ. ಆದರೆ ಪುಟ್ಟಿ, ಕಾಲುದಾರಿ ನೋಡು, ಕಲ್ಲೆಲ್ಲ ಎದ್ದಿದೆ. ಎಡವಿ ಬೀಳ್ತೀಯ."

ಅವಳು ಕೋಲಿನಿಂದ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದಳು. "ಎದ್ದಿರೋ ಕಲ್ಲೂ ಬೇಕು ಕಣೆ. ಎಲ್ಲಾ ಒಂದೇ ಥರ ಇದ್ರೆ ನಾನು ಎಲ್ಲಿದೀನಿ ಅಂತ ಹೇಗೆ ಗೊತ್ತಾಗ್ಬೇಕು?" ಅಂದಳು. ಅವಳ ದನಿಯಲ್ಲಿ, ಮೊದಲು ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವಾಗ ಇರುತ್ತಿದ್ದ ಖುಷಿ ಇತ್ತು. ಮೂರು ವರ್ಷದಿಂದ ನಾನು ಆ ದನಿ ಕೇಳಿರಲಿಲ್ಲ. ನನಗೆ ಸಂತೋಷವಾಯಿತು, ಹೊಟ್ಟೆಯೂ ಸ್ವಲ್ಪ ಉರಿಯಿತು. ಬೀದಿ ಓದುವುದು ನನ್ನ ಕಸುಬಾಗಿತ್ತು.

ಇಸ್ತ್ರಿ ಅಂಗಡಿಯ ಮೇಲಿನ ಕೋಣೆಗೆ ಅಂದೇ ಬಂದೆವು. ಮುಂದಿನ ವಾರ ನನ್ನ ಕಷ್ಟ ಯಾರಿಗೂ ಬೇಡ. ಬೆಳಗ್ಗೆ ಎಂಟಕ್ಕೆ ತಗಡು ಶುರು. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೆ ತಲೆಯೊಳಗೇ ಬಕೆಟು ಬಡಿದಂತೆ. ಗಿರಣಿಯ ಹಿಟ್ಟಿನ ಧೂಳು ಬಂದು ಒಣಹಾಕಿದ ನನ್ನ ಬಟ್ಟೆಯ ಮೇಲೆ ಕೂರುತ್ತಿತ್ತು. ಪುಟ್ಟಿ ಮಾತ್ರ ದಿನದಿಂದ ದಿನಕ್ಕೆ ಗೆಲುವಾದಳು. ಎರಡನೆಯ ದಿನ ತಡವಾಗಿಯಾದರೂ ತಾನೇ ಬಂದಳು. ನಾಲ್ಕನೆಯ ದಿನ ಮೂವತ್ತೈದು ನಿಮಿಷಕ್ಕೆ ಬಂದಳು, ಕೈಯಲ್ಲಿ ಬೇಕರಿಯ ಪೊಟ್ಟಣ ಬೇರೆ. ತಗಡಿನವನು ಇವಳಿಗೆ "ಅಣ್ಣ" ಆಗಿದ್ದ. ಇವಳು ಅವನಿಗೆ "ಟೀಚರಮ್ಮ". ಹಿಂದಿನ ಬೀದಿಯಲ್ಲಿ ಆರು ದಿನ ಇದ್ದೂ ಪಕ್ಕದ ಮನೆಯವರ ಮುಖ ನಾನೇ ನೋಡಿರಲಿಲ್ಲ.

ಪರೀಕ್ಷೆಯ ದಿನ ಬಂತು. ಮೇಷ್ಟ್ರು ಹಿಂದಿನ ದಿನವೇ ನನ್ನನ್ನು ಬೇರೆ ಕರೆದು ಹೇಳಿದ್ದರು. "ನೀವು ಹಿಂದೆ ಹೋಗೋ ಹಾಗಿಲ್ಲ, ಮಾತಾಡಿಸೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಮನೆಯವರು ಒಂದು ಮಾತಾಡಿದ್ರೂ ನಡಿಗೆ ರದ್ದು. ಹನ್ನೊಂದರ ತನಕ ನೀವು ಕೋಣೆ ಬಿಟ್ಟು ಅಲ್ಲಾಡಬೇಡಿ." ನಾನು ತಲೆಯಾಡಿಸಿದ್ದೆ. ಇಡೀ ತಂಡದ ಮನೆಯವರಲ್ಲಿ ಅವರು ನನಗೊಬ್ಬಳಿಗೇ ಇದನ್ನು ಮೂರು ಸಲ ಹೇಳಿದರು ಎಂದು ಆಮೇಲೆ ತಿಳಿಯಿತು.

ಹತ್ತಕ್ಕೆ ಸರಿಯಾಗಿ ಪುಟ್ಟಿ ಮೆಟ್ಟಿಲಿಳಿದಳು. ನಾನು ಕಿಟಕಿಗೆ ಅಂಟಿಕೊಂಡು ನಿಂತೆ. ಅಂಗಡಿಯ ಮುಂದಿನಿಂದ ರಸ್ತೆ ದಾಟಿ ತಗಡಿನ ಕಡೆಗೆ ಹೋಗಬೇಕು, ಗೋಡೆ ಹಿಡಿದು ಗಿರಣಿ, ಆಮೇಲೆ ಬೇಕರಿಯ ತಿರುವು. ಅವಳು ರಸ್ತೆಯ ಅಂಚಿಗೆ ಬಂದು ನಿಂತಳು. ಅಷ್ಟರಲ್ಲಿ ನನ್ನ ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ನಿಂತಿತು.

ಕರೆಂಟು ಹೋಗಿತ್ತು.

ಗಿರಣಿಯ ಬೆಲ್ಟು ಎರಡು ಸಲ ಪಟ್ ಪಟ್ ಎಂದು ಸುಮ್ಮನಾಯಿತು. ಬೇಕರಿಯ ಯಂತ್ರದ ಗುರುಗುಟ್ಟುವಿಕೆ ನಿಂತಿತು. ತಗಡಿನವನು ಕತ್ತರಿಸುವ ಯಂತ್ರ ಆರಿಸಿ, ಇನ್ನೇನು ಮಾಡಲಿ ಅನ್ನುವಂತೆ ಕೈ ಒರೆಸಿಕೊಂಡು ಚಹಾ ಕುಡಿಯಲು ಹೊರಟೇಹೋದ. ದೂರದ ಕಂಬದ ಮೇಲೆ ಲೈನ್‌ಮನ್ ಒಬ್ಬ ನಿಧಾನವಾಗಿ ಹತ್ತುತ್ತಿದ್ದ. ಮೂವತ್ತೊಂದು ವರ್ಷ ಯಾವ ಇಲಾಖೆಗೆ ದುಡಿದಿದ್ದೆನೋ ಅದೇ ಇಲಾಖೆ, ಅದೇ ಗಳಿಗೆಯಲ್ಲಿ, ನನ್ನ ತಂಗಿಯ ಬೀದಿಯನ್ನು ಆರಿಸಿಬಿಟ್ಟಿತು. ಗಲಾಟೆಯ ಬೀದಿ ನಾನು ಮೊದಲು ಹಿಡಿದಿದ್ದ ಬೀದಿಯಂತೆಯೇ ಆಗಿಹೋಯಿತು, ಸೂಜಿ ಬಿದ್ದರೂ ಕೇಳುವಂತೆ.

ಪುಟ್ಟಿ ಕೋಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ಅವಳಿಗೆ ಸಿಗಬೇಕಾದ ಸದ್ದು ಸಿಗುತ್ತಿರಲಿಲ್ಲ. ಅದು ಮೇಲಿನಿಂದಲೇ ನನಗೆ ಗೊತ್ತಾಗುತ್ತಿತ್ತು. "ನೇರ ಹೋಗು ಪುಟ್ಟಿ" ಅನ್ನುವ ಮಾತು ಬಾಯಿಗೆ ಬಂದುಬಿಟ್ಟಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕೂಗಿದರೆ ಆರು ತಿಂಗಳು ಹೋಯಿತು, ಶಾಲೆ ಹೋಯಿತು. ಕೂಗದಿದ್ದರೂ ಹೋಗುತ್ತದೆ. ಆಗ ನನಗೆ ಹೊಳೆಯಿತು, ಮಾತಾಡಬಾರದು ಅಂದಿದ್ದಾರೆ, ತಗಡು ಬಡಿಯಬಾರದು ಅಂದಿಲ್ಲ.

ಮೆಟ್ಟಿಲು ಇದ್ದದ್ದು ಕಟ್ಟಡದ ಹಿಂದೆ. ಮಂಡಿನೋವನ್ನೂ, ಕೋಣೆ ಬಿಡಬೇಡಿ ಅಂದದ್ದನ್ನೂ ಮರೆತು ಇಳಿದೆ, ಸುತ್ತು ಹಾಕಿ ಬರುವಾಗ ಹಿಟ್ಟಿನ ಮೂಟೆಯ ವ್ಯಾನೊಂದು ಅಡ್ಡ ನಿಂತಿತ್ತು. ಅದರ ಹಿಂದಿನಿಂದಲೇ ರಸ್ತೆ ದಾಟಿ, ತೆರೆದೇ ಇದ್ದ ಕಾರ್ಖಾನೆಗೆ ನುಗ್ಗಿ, ಸುತ್ತಿಗೆ ಎತ್ತಿಕೊಂಡು, ಎದುರಿಗಿದ್ದ ಬಕೆಟಿನ ಮೇಲೆ ಬಡಿಯತೊಡಗಿದೆ. ಒಂದೇ ಸಮನೆ ಬಡಿದೆ. ಬಕೆಟು ನೆಗ್ಗಿಹೋಯಿತು, ಇನ್ನೊಂದು ಎಳೆದುಕೊಂಡೆ. ತೋಳು ಸೋತಿತು, ಕೈ ಬದಲಾಯಿಸಿದೆ. ವ್ಯಾನು ಅಡ್ಡವಿದ್ದದ್ದರಿಂದ ಪುಟ್ಟಿ ಕಾಣುತ್ತಿರಲಿಲ್ಲ. ಕೇಳಿಸಿಕೋ, ಇಲ್ಲಿದೆ ತಗಡು, ಇಲ್ಲಿಗೆ ಬಾ, ಎಂದು ಮನಸ್ಸಿನಲ್ಲೇ ಹೇಳುತ್ತಾ ಹುಚ್ಚು ಹಿಡಿದವಳಂತೆ ಬಡಿದೆ. ಆಗ ನನಗೆ ನನ್ನ ಮನೆ, ನನ್ನ ಲೋಟ, ನನ್ನ ಒಂಟಿತನ ಯಾವುದೂ ನೆನಪಿರಲಿಲ್ಲ. ಅವಳು ಗೆಲ್ಲಬೇಕು, ಅಷ್ಟೇ ಬೇಕಾಗಿತ್ತು.

ಎಷ್ಟು ಹೊತ್ತಾಯಿತೋ, ಯಾರೋ ನನ್ನ ಮುಂಗೈ ಹಿಡಿದರು. ಇಸ್ತ್ರಿ ಅಂಗಡಿಯ ಅಜ್ಜಿ.

"ಏನಮ್ಮ ಇದು? ಯಾರಿಗೆ ಬಡೀತಿದೀಯ?"

"ಪುಟ್ಟಿಗೆ. ನನ್ನ ತಂಗಿಗೆ. ದಾರಿ ಗೊತ್ತಾಗ್ಲಿ ಅಂತ."

"ಅಯ್ಯೋ, ಅವರು ಆಗಲೇ ಹೋದ್ರಲ್ಲ! ನೀನು ಮೆಟ್ಟಿಲು ಇಳಿದು ಸುತ್ಕೊಂಡು ಬರೋದ್ರೊಳಗೇ ದಾಟಿಬಿಟ್ರು."

"ಹೇಗೆ ದಾಟಿದ್ಲು? ಸದ್ದೇ ಇರ್ಲಿಲ್ಲ."

"ನನ್ನನ್ನ ಕೇಳಿದ್ರು. ಅಜ್ಜಿ, ತಗಡಿನ ಅಂಗಡಿ ನನ್ನ ಮುಂದೆ ನೇರ ಇದೆಯಾ ಅಂತ. ಒಂದು ಹೆಜ್ಜೆ ಎಡಕ್ಕೆ ನಿಂತ್ಕೊಳಿ ಟೀಚರಮ್ಮ ಅಂದೆ. ಹೋದ್ರು," ಎಂದು ಅಜ್ಜಿ ನನ್ನ ಕೈಯಿಂದ ಸುತ್ತಿಗೆ ಬಿಡಿಸಿಕೊಂಡರು.

ಕೇಳುವುದು! ಮನೆಯವರು ಹೇಳಬಾರದು, ಬೇರೆಯವರನ್ನು ಕೇಳಬಹುದು. ಇಷ್ಟು ಸರಳವಾದದ್ದು ನನಗೆ ಹೊಳೆಯಲೇ ಇಲ್ಲ. ಮೂವತ್ತೊಂದು ವರ್ಷ ನಾನು ಯಾರನ್ನೂ ದಾರಿ ಕೇಳಿದವಳಲ್ಲ. ಮೂರು ವರ್ಷದಿಂದ ಪುಟ್ಟಿಗೂ ಕೇಳುವ ಅವಕಾಶ ಕೊಟ್ಟವಳಲ್ಲ. ಅವಳು ಬಾಯಿ ತೆರೆಯುವ ಮೊದಲೇ ಕೈಗೆ ತಂದಿಡುತ್ತಿದ್ದೆ.

ಹನ್ನೊಂದು ಹೊಡೆದ ಮೇಲೆ ಕೇಂದ್ರಕ್ಕೆ ಹೋದೆ. ಪುಟ್ಟಿ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಮುಖ ಕೆಂಪಾಗಿತ್ತು. ಮೇಷ್ಟ್ರು ನನ್ನನ್ನು ಕಂಡು ನಾಲ್ಕು ಬೆರಳು ತೋರಿಸಿ, ಆಮೇಲೆ ಮುಷ್ಟಿ ಕಟ್ಟಿ ಸೊನ್ನೆ ಮಾಡಿದರು. ನಲವತ್ತು ನಿಮಿಷ.

"ಬಂದ್ಯಾ ಅಕ್ಕ? ಕರೆಂಟು ಹೋಗಿತ್ತು, ಗೊತ್ತಾ? ಒಂದು ಕ್ಷಣ ಎಲ್ಲಿದೀನಿ ಅಂತಲೇ ಗೊತ್ತಾಗ್ಲಿಲ್ಲ. ಆಮೇಲೆ ಕೇಳಿದೆ, ಅಷ್ಟೇ. ಬೇಕರಿ ಹತ್ರ ಬಂದಾಗ ಹಿಂದೆ ಯಾರೋ ತಗಡು ಬಡಿಯೋಕೆ ಶುರು ಮಾಡಿದ್ರು. ಸದ್ಯ, ಮುಂಚೇನೇ ಮಾಡಿದ್ರೆ ನನ್ ಲೆಕ್ಕ ಎಲ್ಲಾ ತಪ್ಪಿಹೋಗ್ತಿತ್ತು. ಅಣ್ಣನ ಕೈ ಅಲ್ಲ ಅದು. ತಾಳ ಇಲ್ಲ, ಮೇಳ ಇಲ್ಲ." ಅವಳು ನನ್ನ ಕಡೆ ತಿರುಗಿದಳು. "ನೀನಾ?"

"ನಾನೇ," ಅಂದೆ.

ಪುಟ್ಟಿ ನಕ್ಕಳು. ಲೋಟ ತುಳುಕುವಷ್ಟು ನಕ್ಕಳು. ನಾನೂ ನಕ್ಕೆ, ಮೇಷ್ಟ್ರೂ ನಕ್ಕರು. ನಗು ನಿಂತ ಮೇಲೆ ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಅಕ್ಕ, ನೀನು ಊರಿಗೆ ಹೋಗು."

"ಇನ್ನೂ ನಾಲ್ಕು ವಾರ ಇದೆಯಲ್ಲೇ."

"ಅದಕ್ಕೇ ಹೇಳ್ತಿರೋದು. ನಾಲ್ಕು ವಾರ ನಾನೊಬ್ಬಳೇ ಇರ್ತೀನಿ. ಇಲ್ಲಿ ಇರೋಕಾಗ್ಲಿಲ್ಲ ಅಂದ್ರೆ ಶಾಲೆ ಹಿಂದಿನ ಮನೇಲಿ ಹೇಗಿರ್ಲಿ?"

"ಅಡುಗೆ ಯಾರು ಮಾಡ್ತಾರೆ?"

"ನಾನು."

"ಸುಟ್ಟುಕೊಂಡ್ರೆ?"

"ಮುಲಾಮು ಹಚ್ಕೋತೀನಿ."

"ಅಂದ್ರೆ ನಾನು ಬೇಡ ನಿಂಗೆ," ಅಂದೆ. ಐವತ್ತೊಂಬತ್ತು ವರ್ಷದವಳು ಆಡುವ ಮಾತಲ್ಲ ಅದು. ಆದರೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು, ಯಾವುದು ಮೊದಲು ಹೊರಗೆ ಬೀಳುತ್ತದೋ ತಿಳಿಯದೆ ಆ ಮಾತು ಬಿತ್ತು.

ಅವಳು ಕೈ ಬಿಡಲಿಲ್ಲ. "ಬೇಕು. ಭಾನುವಾರ ಬಾ. ನೆಂಟರ ಥರ ಬಾ, ಕೂತ್ಕೊಂಡು ಉಣ್ಣು. ಹೊರಡೋಕೆ ಮುಂಚೆ ಫೋನ್ ಮಾಡು, ಬಸ್ ನಿಲ್ದಾಣಕ್ಕೆ ನಾನೇ ಬರ್ತೀನಿ ಕರ್ಕೊಂಡು ಹೋಗೋಕೆ. ನಿಂಗೆ ಈ ಕಡೆ ಅಷ್ಟು ಚೆನ್ನಾಗಿ ಗೊತ್ತಿಲ್ಲ," ಅಂದಳು.

ತಗಡಿನವನ ಎರಡು ಬಕೆಟಿಗೆ ಕ್ಷಮೆ ಕೇಳಿ, ಚೀಲ ಕಟ್ಟಿ, ನಾಲ್ಕು ಗಂಟೆಯ ಬಸ್ಸು ಹತ್ತಿದೆ. ಪುಟ್ಟಿ ನಿಲ್ದಾಣದವರೆಗೆ ಬಂದಿದ್ದಳು. ಬಸ್ಸು ಹೊರಟಾಗ ಅವಳು ಬಾಗಿಲ ಕಡೆ ಕೈ ಬೀಸಿ, ತಿರುಗಿ, ಕೋಲು ಚಾಚಿ ನಡೆದಳು. ಬಲಗಾಲಿಗೆ ಎಡಕ್ಕೆ, ಎಡಗಾಲಿಗೆ ಬಲಕ್ಕೆ. ಜನ ಅವಳಿಗೆ ದಾರಿ ಬಿಡುತ್ತಿದ್ದರು, ಕೆಲವರು ಬಿಡುತ್ತಿರಲಿಲ್ಲ, ಅವಳು ಸುತ್ತಿ ಹೋಗುತ್ತಿದ್ದಳು. ಕಣ್ಣಿಗೆ ಕಾಣುವವರೆಗೆ ನೋಡಿದೆ. ಆಮೇಲೆ ಸೆರಗು ಮುಚ್ಚಿಕೊಂಡು, ಯಾವ ನಾಚಿಕೆಯೂ ಇಲ್ಲದೆ, ಬಿಕ್ಕಿ ಬಿಕ್ಕಿ ಅತ್ತೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಗಾಬರಿಯಾಗಿ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಯಾಕಮ್ಮ, ಮನೇಲಿ ಏನಾದ್ರೂ ಕೆಟ್ಟದ್ದಾಯ್ತಾ?"

"ಇಲ್ಲಮ್ಮ," ಅಂದೆ. "ನನ್ನ ತಂಗಿ ಪಾಸಾದ್ಳು."